ತೊಟ್ಟಿಲ ಕಾರ್ಯದ ತನಕ

ಆ ಲ್ಯಾಪ್‌ಟಾಪ್ ಚಾಲೂ ಆಗಬೇಕೆಂದರೆ ಏಳು ನಿಮಿಷ ಬೇಕಿತ್ತು. ಬೆಳಿಗ್ಗೆ ಶಿವಲೀಲಾ ಅದರ ಗುಂಡಿ ಒತ್ತಿ ಒಳಗೆ ಹೋಗುವಳು. ಚಹಾ ಇಟ್ಟು, ಕುದಿಸಿ, ಸೋಸಿ, ಎರಡು ಕಪ್ಪು ಹಿಡಿದು ಹೊರಗೆ ಬರುವಳು. ಅಷ್ಟೊತ್ತಿಗೆ ಅದು ಪುಣ್ಯಕ್ಕೆ ಎದ್ದು ಕೂತಿರುತ್ತಿತ್ತು. ಒಂದು ಕಪ್ಪು ಅವಳಿಗೆ, ಒಂದು ಗಂಡ ರುದ್ರೇಶನಿಗೆ. ಲಗ್ನವಾಗಿ ಹದಿನಾರು ವರ್ಷವಾದರೂ ಗಂಡ ಹೆಂಡತಿ ಇಬ್ಬರೇ ಕೂತು ಮಾತಾಡಲು ದಿನದಲ್ಲಿ ಸಿಗುತ್ತಿದ್ದದ್ದು ಇದೊಂದೇ ಹೊತ್ತು.

ಶಿಗ್ಗಾಂವದ ಪೇಟೆಯಲ್ಲಿ ಅವರ ಫೋಟೋ ಸ್ಟುಡಿಯೋ ಇರುವುದು ಮನೆಯ ಮುಂದಿನ ಕೋಣೆಯಲ್ಲೇ. ಮಾವ ಶಿದ್ಲಿಂಗಪ್ಪ ಶುರು ಮಾಡಿದ್ದು. ಅವರು ತೀರಿಕೊಂಡು ಆರು ವರ್ಷ. ಈಗ ರುದ್ರೇಶ ಗಿರಾಕಿಗಳನ್ನು ನೋಡುತ್ತಾನೆ. ಅವನ ತಮ್ಮ ಚನ್ನೇಶ ಕ್ಯಾಮೆರಾ ಹೊತ್ತು ಹಾನಗಲ್ಲು, ಸವಣೂರು, ಹಿರೇಕೆರೂರು ಎಂದು ಲಗ್ನದಿಂದ ಲಗ್ನಕ್ಕೆ ತಿರುಗುತ್ತಾನೆ. ಅವನು ತಂದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸುವ ಕೆಲಸ ಶಿವಲೀಲಾಳದು. ಓದಿದ್ದು ಪಿಯುಸಿ, ಕಂಪ್ಯೂಟರ್ ಕಲಿತದ್ದು ಮಾವನ ಪಕ್ಕ ಕೂತು. ಆದರೇನು, ಯಾವ ಲಗ್ನದಲ್ಲಿ ಯಾವ ಸೋದರಮಾವ ಸಿಟ್ಟಾಗಿ ಊಟ ಬಿಟ್ಟು ಎದ್ದಿದ್ದ, ಯಾರನ್ನು ಯಾರ ಪಕ್ಕದಲ್ಲಿ ತೋರಿಸಕೂಡದು ಎಂಬುದೆಲ್ಲ ಅವಳಿಗೆ ಬಾಯಿಪಾಠ.

ಇಂಥ ಮನೆಗೆ ಆರು ತಿಂಗಳ ಹಿಂದೆ ಚನ್ನೇಶನ ಹೆಂಡತಿಯಾಗಿ ಐಶ್ವರ್ಯ ಬಂದಳು. ಹಿರೇಕೆರೂರಿನ ಹುಡುಗಿ, ಬಿಸಿಎ ಮುಗಿಸಿದವಳು. ಬಂದ ತಿಂಗಳಿಗೇ ಶಿವಲೀಲಾಳ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಬಿತ್ತು. ಮೂರನೇ ತಿಂಗಳಿಗೆ ಆ ಕುರ್ಚಿ ನಡುವಿಗೆ ಸರಿಯಿತು.

ಒಂದು ಮಧ್ಯಾಹ್ನ ಎಲ್ಲರೂ ಉಣ್ಣುತ್ತ ಕೂತಾಗ ಐಶ್ವರ್ಯ ಮಾತು ತೆಗೆದಳು.

"ಅಕ್ಕಾ, ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಭಾಳ ಹಳೇದಾಗೈತ್ರಿ. ಎಸ್‌ಎಸ್‌ಡಿ ಹಾಕ್ಸಿದ್ರ ಹತ್ತು ಎಣಿಸೂದ್ರಾಗ ಚಾಲೂ ಆಗ್ತೈತಿ."

"ಹತ್ತು ಎಣಿಸೂದ್ರಾಗ ಚಾಲೂ ಆಗಿ ಏನ್ ಮಾಡ್ತೈತೆವಾ, ರೊಟ್ಟಿ ಬಡೀತೈತೇನು?" ಎಂದಳು ಶಿವಲೀಲಾ.

ಚನ್ನೇಶ ನಕ್ಕ. "ವೈನಿ, ಹಂಗಲ್ಲ. ಈಗ ಒಂದು ಲಗ್ನ ತಯಾರಾಗಾಕ ನಾಕು ದಿನ ಹಿಡೀತೈತಿ. ಅದು ಎರಡು ದಿನಕ್ಕ ಇಳಿದ್ರ ನಿಮಗೂ ಆರಾಮಲ್ಲೇನು?"

"ನಾ ಆರಾಮ ಬೇಕಂತ ಯಾರ ಮುಂದ ಅತ್ತೇನಿ? ಹಾಕ್ಸೂದಾದ್ರ ದೊಡ್ಡ ಹಾರ್ಡ್‌ಡಿಸ್ಕ್ ಹಾಕ್ಸ್ರಿ. ಜಾಗಾ ಸಾಲವಲ್ದು. ನಮ್ಮನ್ಯಾಗ ತೊಟ್ಟಿಲ ಕಾರ್ಯದ ತನಕ ಯಾರದೂ ಅಳಸಂಗಿಲ್ಲ, ಗೊತ್ತೈತಿಲ್ಲೋ?"

ಗೊತ್ತಿಲ್ಲದೆ ಏನು, ಇಡೀ ಪೇಟೆಗೇ ಗೊತ್ತು. ಯಾರ ಲಗ್ನ ಚಿತ್ರೀಕರಿಸಿದರೂ, ಆ ದಂಪತಿಯ ಮೊದಲ ಮಗುವಿನ ತೊಟ್ಟಿಲ ಕಾರ್ಯ ಆಗುವ ತನಕ ಮೂಲ ಚಿತ್ರೀಕರಣವನ್ನು ಅಳಿಸಬಾರದು. ತೊಟ್ಟಿಲಿಗೆ ಫೋಟೋ ತೆಗೆಯಲು ಮತ್ತೆ ಕರೆಯುತ್ತಾರಲ್ಲ, ಆಗ ಹಳೆಯದನ್ನೆಲ್ಲ ಅವರ ಕೈಗೆ ಕೊಟ್ಟು ಆಮೇಲೆ ಅಳಿಸಬೇಕು. ಶಿದ್ಲಿಂಗಪ್ಪ ಈ ನೇಮ ಮಾಡಿದ್ದು ಶಿವಲೀಲಾಳ ಸಲುವಾಗಿಯೇ. ಅವಳ ಲಗ್ನ ಕ್ಯಾಸೆಟ್ಟಿನ ಕಾಲದ್ದು. ಮಾವನೇ ಕ್ಯಾಮೆರಾ ಹಿಡಿದಿದ್ದರು. ಲಗ್ನವಾಗಿ ತಿಂಗಳಾಗಿರಲಿಲ್ಲ, ಹಾನಗಲ್ಲಿನ ಒಂದು ನಿಶ್ಚಯಕ್ಕೆ ಹೋದ ರುದ್ರೇಶ ಹೊಸ ಕ್ಯಾಸೆಟ್ಟು ಒಯ್ಯುವುದನ್ನು ಮರೆತು, ಚೀಲದಲ್ಲಿ ಸಿಕ್ಕದ್ದನ್ನೇ ಹಾಕಿ ತುಂಬಿಸಿಕೊಂಡು ಬಂದ. ನೋಡಿದರೆ ಅದು ಅವನದೇ ಲಗ್ನದ್ದು. ಮಾವ ಮೂರು ದಿನ ಮಗನ ಜೊತೆ ಮಾತಾಡಲಿಲ್ಲ. ಶಿವಲೀಲಾ ಮಾತ್ರ, "ಹೋಗ್ಲಿ ಬಿಡ್ರಿ, ನಾ ಏನ್ ರಾಣಿ ಆಗಿದ್ನೇನು" ಎಂದು ನಕ್ಕುಬಿಟ್ಟಿದ್ದಳು. ಐದು ವರ್ಷಕ್ಕೆ ಅವಳ ಅಪ್ಪ ತೀರಿಹೋದ. ಅಪ್ಪ ಮಾತಾಡುವುದು ಎಲ್ಲಿಯಾದರೂ ಉಳಿದಿದ್ದರೆ ಅದರಲ್ಲಿ ಉಳಿಯಬೇಕಿತ್ತು. ಅಂದಿನಿಂದ ಅವಳು ಆ ಮಾತಿಗೆ ನಗುವುದನ್ನು ಬಿಟ್ಟಳು.

ಐಶ್ವರ್ಯಳ ಲಗ್ನಕ್ಕೆ ಮೂರು ಕ್ಯಾಮೆರಾ, ಮೇಲೊಂದು ಡ್ರೋನು. ಹಾರ್ಡ್‌ಡಿಸ್ಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದ ಫೋಲ್ಡರು ಅದೇ. ಶಿವಲೀಲಾ ಅದನ್ನು ಒಂದು ಸಲವೂ ತೆರೆದಿರಲಿಲ್ಲ. ಎಡಿಟಿಂಗ್ ಬಂದಾಗ ತಲೆನೋವೆಂದು ಹೇಳಿ ಹಾವೇರಿಯ ಇನ್ನೊಂದು ಸ್ಟುಡಿಯೋಕ್ಕೆ ಕಳಿಸಿದ್ದಳು.

ಅತ್ತೆ ಅನ್ನವ್ವ ಮಜ್ಜಿಗೆ ಬಡಿಸಿಕೊಳ್ಳುತ್ತ, "ಮೊನ್ನೆ ನಮ್ಮ ನದೀಮ ಎರಡೂ ಕೂಡಿದ್ದು ಒಂದು ಬರ್ತೈತಿ ಅಂದಿದ್ದ. ಅದನ್ನ ತರ್ರಿ, ಇಬ್ಬರಿಗೂ ಸಮಾಧಾನ" ಎಂದರು.

ಕೊನೆಗೆ ಶಿವಲೀಲಾ, ಐಶ್ವರ್ಯ ನೆಗೆಣ್ಣಿಯರಿಬ್ಬರೂ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಸವಣೂರಿನ ಬಸ್ಸು ಹತ್ತಿದರು. ನದೀಮನ ರಿಪೇರಿ ಅಂಗಡಿ ಇರುವುದು ಅಲ್ಲಿ. ರುದ್ರೇಶನ ಹಳೆಯ ಗೆಳೆಯ. ಚಹಾ ತರಿಸಿ, ಮೇಜಿನ ಮೇಲೆ ಮೂರು ಡಬ್ಬಿ ಇಟ್ಟ.

"ನೋಡ್ರಿ ವೈನಿ, ಮೂರಕ್ಕೂ ರೊಕ್ಕ ಹೆಚ್ಚು ಕಡಿಮಿ ಅಷ್ಟ. ಇದು ಹಾರ್ಡ್‌ಡಿಸ್ಕ್, ಎರಡು ಟಿಬಿ. ಒಳಗ ತಟ್ಟಿ ತಿರಗತೈತಿ, ಮ್ಯಾಲೊಂದು ಮುಳ್ಳು ಹುಡುಕ್ಯಾಡ್ತೈತಿ. ಜಾಗಾ ಭಾಳ, ಓಟ ಕಡಿಮಿ, ಕೆಳಗ ಬಿದ್ರ ಮುಗೀತು. ಇದು ಎಸ್‌ಎಸ್‌ಡಿ. ಒಳಗ ತಿರಗೂದು ಏನೂ ಇಲ್ಲ, ಕೇಳಿದ ಕೂಡಲೆ ಕೊಡ್ತೈತಿ. ಆದ್ರ ಅದ ರೊಕ್ಕಕ್ಕ ಐನೂರು ಜಿಬಿನ ಬರೂದು, ಅದರ ಕಾಲು ಪಾಲು ಜಾಗಾ."

"ಎರಡೂ ಕೂಡಿದ್ದು?" ಶಿವಲೀಲಾ ಕೇಳಿದಳು.

"ಇದಾ ನೋಡ್ರಿ ಹೈಬ್ರಿಡ್. ಈಗ ಬರೂದ ನಿಂತೈತಿ, ಇದೊಂದು ಉಳದೈತಿ. ಹಾರ್ಡ್‌ಡಿಸ್ಕನ, ಬಾಜೂಕ ಒಂಚೂರು ಎಸ್‌ಎಸ್‌ಡಿ ಅಂಟಿಸ್ಯಾರ. ದಿನಾ ಕೇಳೂದನ್ನ ಲಗೂ ಕೊಡ್ತೈತಿ. ಯಾವಾಗರ ಒಮ್ಮೆ ಕೇಳಿದ್ದಕ್ಕ ಮೊದಲಿನ ಗತಿನ."

"ಅಂದ್ರ ದಿನಾ ಕಣ್ಣಮುಂದ ಓಡ್ಯಾಡೋರಿಗೆ ಮಾನ, ಮೂಲ್ಯಾಗಿನ್ನೋರಿಗೆ ಇಲ್ಲ" ಎಂದಳು ಶಿವಲೀಲಾ. ನದೀಮನಿಗೆ ಅರ್ಥವಾಗಲಿಲ್ಲ. ಐಶ್ವರ್ಯ ಚಹಾದ ಕಪ್ಪು ಕೆಳಗಿಟ್ಟಳು.

"ನಾ ಒಂದು ಹೇಳ್ಲಿ?" ಎಂದ ನದೀಮ. "ಒಳಗ ಎಸ್‌ಎಸ್‌ಡಿ ಹಾಕ್ತೇನಿ. ಈಗಿನ ಹಾರ್ಡ್‌ಡಿಸ್ಕನ್ನ ಹೊರಗ ತಗದು ಒಂದು ಕೇಸಿನ್ಯಾಗ ಕೂಡಿಸಿ ವೈರ್ ಕೊಡ್ತೇನಿ. ಲಗ್ನಗೋಳು ಅದರಾಗ ಇರ್ಲಿ, ಕೆಲಸ ಇದರಾಗ ನಡೀಲಿ. ಮಾಲು ಬರಾಕ ಎಂಟು ದಿನ."

ಐಶ್ವರ್ಯ ಹೂಂ ಅಂದಳು. ಬೇಡ ಅನ್ನಲು ಶಿವಲೀಲಾಳ ಬಳಿ ಕಾರಣ ಇರಲಿಲ್ಲ. ಹೊಟ್ಟೆಯುರಿ ಇತ್ತು, ಅದನ್ನು ಅಂಗಡಿಯಲ್ಲಿ ಕೂತು ಹೇಳುವುದು ಹೇಗೆ?

ಆ ಎಂಟು ದಿನದಲ್ಲಿ ಇನ್ನೊಂದು ನಡೆಯಿತು. ಮಧ್ಯಾಹ್ನ ಅವಳು ಅಡುಗೆಮನೆ ಒರೆಸಿ ಹೊರಗೆ ಬಂದರೆ ರುದ್ರೇಶ ಮತ್ತು ಐಶ್ವರ್ಯ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆ ಇಳಿಸಿಕೊಂಡು ಕೂತಿರುತ್ತಿದ್ದರು. ಮಾವನ ಕಾಲದ ಕ್ಯಾಮೆರಾ ಮೇಜಿನ ಮೇಲೆ. ಇವಳು ಕಾಲಿಟ್ಟ ಕೂಡಲೇ ಇಬ್ಬರ ಮಾತೂ ನಿಲ್ಲುತ್ತಿತ್ತು.

"ಏನ್ ನಡಸೀರಿ?"

"ಏನಿಲ್ಲಕ್ಕಾ, ಕ್ಯಾಸೆಟ್ ಸ್ವಚ್ಛ ಮಾಡಾಕತ್ತೇವ್ರಿ."

ಹದಿನಾರು ವರ್ಷದಲ್ಲಿ ಇಲ್ಲದ ಸ್ವಚ್ಛತೆ ಈಗೆಲ್ಲಿಂದ ಬಂತು? ರುದ್ರೇಶನ ಬಗ್ಗೆ ಅವಳಿಗೆ ಕೆಟ್ಟ ಸಂಶಯವೇನೂ ಇರಲಿಲ್ಲ, ಅವನು ಅಂಥವನಲ್ಲ. ಆದರೆ ಆ ಪೆಟ್ಟಿಗೆಯ ಕ್ಯಾಸೆಟ್ಟುಗಳಿಗೆ ಹೆಸರು ಬರೆದು ಅಂಟಿಸಿದವಳು ತಾನು. ಅವನ ಪಕ್ಕ ಕೂತು ಮಾತಾಡುವವಳು ತಾನು. ತನ್ನನ್ನು ಕರೆಯದೆ ಇವಳನ್ನು ಕರೆದು ಕೂಡಿಸಿಕೊಂಡನಲ್ಲ ಎಂದು ಮೈಯೆಲ್ಲ ಉರಿದುಹೋಯಿತು. ಅಂದು ಸಂಜೆ ಪಲ್ಯಕ್ಕೆ ಉಪ್ಪು ಎರಡು ಸಲ ಬಿತ್ತು. ಯಾರೂ ಏನೂ ಅನ್ನದೆ ಉಂಡರು, ಅದೂ ಅವಳಿಗೆ ಸಿಟ್ಟು ತರಿಸಿತು.

ಎಸ್‌ಎಸ್‌ಡಿ ಬಂತು. ಮರುದಿನ ಬೆಳಿಗ್ಗೆ ಶಿವಲೀಲಾ ಗುಂಡಿ ಒತ್ತಿ ಬಾಗಿಲ ತನಕ ಹೋಗಿರಲಿಲ್ಲ, ಲ್ಯಾಪ್‌ಟಾಪ್ ಚಾಲೂ ಆಗಿತ್ತು. ಅವಳು ಚಹಾ ತರುವಷ್ಟರಲ್ಲಿ ಐಶ್ವರ್ಯ ಕೆಲಸಕ್ಕೆ ಕೂತಾಗಿತ್ತು, ರುದ್ರೇಶ ನಿಂತುಕೊಂಡೇ ಕುಡಿದು ಕಪ್ಪು ಕೊಟ್ಟ.

"ವೈನಿ, ಇನ್ನ ನೀವು ಆರಾಮ ಇರ್ರಿ. ಎಲ್ಲಾ ಆಕಿನ ಮಾಡ್ತಾಳ" ಎಂದ ಚನ್ನೇಶ. ಪಾಪ, ಅವನು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಶಿವಲೀಲಾಳಿಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು.

ರುದ್ರೇಶ ಅಂದ, "ಹಳೇ ಹಾರ್ಡ್‌ಡಿಸ್ಕಿನ್ಯಾಗ ಜಾಗಾ ಮಾಡಬೇಕು. ಯಾರ್‍ಯಾರ ತೊಟ್ಟಿಲಾ ಆಗೇತಿ ಅನ್ನೂದು ನಿನಗ ಗೊತ್ತು. ನೀನ ನೋಡಿ ಅಳಸು."

ಆ ಮಧ್ಯಾಹ್ನ ಅತ್ತೆ ಅಡ್ಡಾಗಿದ್ದರು, ಐಶ್ವರ್ಯ ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಿದ್ದಳು. ಶಿವಲೀಲಾ ಒಂದೊಂದೇ ಹೆಸರು ನೋಡುತ್ತ ಬಂದಳು. ಹಿರೇಕೆರೂರಿನ ಹತ್ತಿ ವ್ಯಾಪಾರಿಯ ಮಗಳಿಗೆ ಗಂಡು ಹುಟ್ಟಿದೆ, ತೊಟ್ಟಿಲಾಗಿದೆ, ಅಳಿಸಿದಳು. ಹುಲಗೂರಿನವರದು ಆಗಿಲ್ಲ, ಬಿಟ್ಟಳು. ಹಾಗೇ ಬಂದು ಬಂದು ಐಶ್ವರ್ಯಳ ಲಗ್ನದ ಫೋಲ್ಡರಿಗೆ ಬಂದಳು. ಮೂರು ಕ್ಯಾಮೆರಾ, ಒಂದು ಡ್ರೋನು. ಇವಳಿಗೆ ಎಲ್ಲಾ ಇರಬೇಕು, ನನಗೆ ಏನೂ ಇರಬಾರದು? ಅರ್ಧ ಗಂಟೆಯ ಸಿನಿಮಾ ಮಾಡಿ ಕೊಟ್ಟಿದ್ದಾರಲ್ಲ, ಅದೇ ಸಾಕು. ಜಾಗವೂ ಆಗುತ್ತದೆ. ಹೀಗೆಂದುಕೊಂಡು ಅಳಿಸಿದಳು. ಪರದೆಯ ಮೇಲಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು. ಎದ್ದು ಹೋಗಿ ನೀರು ಕುಡಿದು ಬಂದಳು.

ಮುಂದಿನ ಹದಿನೈದು ದಿನದಲ್ಲಿ ಮೂರು ಲಗ್ನ ಬಂದವು. ಮೂರೂ ಆ ಹಾರ್ಡ್‌ಡಿಸ್ಕಿಗೇ ತುಂಬಿದವು. ಶಿವಲೀಲಾಳಿಗೆ ಹಗುರವಾಗಬೇಕಿತ್ತು, ಆಗಲಿಲ್ಲ.

ಆಮೇಲೆ ಅವಳ ಲಗ್ನದ ದಿನ ಬಂತು. ಅತ್ತೆ ಹೋಳಿಗೆ ಮಾಡಿಸಿದರು. ಊಟವಾದ ಮೇಲೆ ರುದ್ರೇಶ, "ಯಾರೂ ಏಳಬ್ಯಾಡ್ರಿ. ಶಿವಲೀಲಾ, ನಿನಗೊಂದು ತೋರಸೂದೈತಿ" ಎಂದ. ಅವನ ಮುಖದಲ್ಲಿ ಅಂಥ ಖುಷಿ ಅವಳು ಕಂಡು ಎಷ್ಟೋ ವರ್ಷವಾಗಿತ್ತು. ಐಶ್ವರ್ಯ ಲ್ಯಾಪ್‌ಟಾಪ್ ತಂದು ಮುಂದಿಟ್ಟು, ಹಾರ್ಡ್‌ಡಿಸ್ಕಿನ ವೈರ್ ಚುಚ್ಚಿದಳು. ಹುಡುಕಿದಳು. ಮತ್ತೆ ಹುಡುಕಿದಳು.

"ಇಲ್ಲರಿ ಭಾವಾರ."

"ಏನಿಲ್ಲ?"

"ನನ್ನ ಲಗ್ನದ ಫೋಲ್ಡರ್ ಇಲ್ಲ. ಅದರಾಗ ಇಟ್ಟಿದ್ದೆ."

"ಏನ್ ಇಟ್ಟಿದ್ದಿ?" ಎಂದು ಕೇಳಿದವಳು ಶಿವಲೀಲಾ.

ರುದ್ರೇಶ ಹೇಳಿದ. ಆ ಹಳೆಯ ಕ್ಯಾಸೆಟ್ಟು ಒಂದು ತಾಸಿನದು. ಹಾನಗಲ್ಲಿನ ನಿಶ್ಚಯ ಮುಗಿದದ್ದು ಐವತ್ತಾರು ನಿಮಿಷಕ್ಕೆ. ಕೊನೆಯ ನಾಲ್ಕು ನಿಮಿಷದ ಮೇಲೆ ಏನೂ ತುಂಬಿರಲಿಲ್ಲ. ಅಲ್ಲಿ ಇವರ ಲಗ್ನ ಹಾಗೆಯೇ ಉಳಿದಿತ್ತು. ಹದಿನಾರು ವರ್ಷ ಯಾರಿಗೂ ಕೊನೆಯ ತನಕ ಓಡಿಸಿ ನೋಡಬೇಕೆಂದು ಹೊಳೆದಿರಲಿಲ್ಲ. ಐಶ್ವರ್ಯಳಿಗೆ ಹೊಳೆಯಿತು. ಹಳೆಯ ಕ್ಯಾಮೆರಾ ರಿಪೇರಿ ಮಾಡಿಸಿ, ನಾಲ್ಕು ನಿಮಿಷವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡರು. ಕ್ಯಾಸೆಟ್ಟನ್ನು ಹೊರಗೆ ತೆಗೆಯುವಾಗ ಕ್ಯಾಮೆರಾ ರೀಲನ್ನು ನುಂಗಿ ಚಿಂದಿ ಮಾಡಿತು.

"ಯಾಕ ಅದರಾಗ ಇಟ್ಟಿ?" ಎಂದಳು ಶಿವಲೀಲಾ.

"ನೀವು ಎಲ್ಲಾ ಫೋಲ್ಡರ್ ತಗೀತೀರಿ. ನನ್ನ ಲಗ್ನದ್ದೊಂದು ತಗಿಯೂದಿಲ್ಲ. ಅದಕ್ಕ, ನಿಮಗ ಕಾಣಬಾರದಂತ, ಅಲ್ಲಿಟ್ಟೆ."

ಶಿವಲೀಲಾ ನೇಮ ಮುರಿದಿರಬಹುದೆಂದು ರುದ್ರೇಶನಿಗೆ ಹೊಳೆಯಲೇ ಇಲ್ಲ, ಐಶ್ವರ್ಯಳ ಮೇಲೆ ಸಿಟ್ಟು ಏರಿತು. "ಲಗೂ ಲಗೂ ಅಂತ ಡಿಸ್ಕ್ ಬದ್ಲಿ ಮಾಡ್ಸಿದಿ. ಬದ್ಲಿ ಮಾಡೂವಾಗ ನೋಡಬೇಕಾಗಿತ್ತಿಲ್ಲೋ? ಹಳೇದು ಹೆಂಗಿತ್ತೋ ಹಂಗ ಇದ್ದಿದ್ರ ಇದೆಲ್ಲಾ ಆಗ್ತಿರಲಿಲ್ಲ."

"ಆಕಿ ಬೇಕಂತ ಮಾಡ್ಯಾಳೇನಣ್ಣಾ" ಎಂದ ಚನ್ನೇಶ. ಆದರೆ ಹೆಂಡತಿಯ ಕಡೆ ತಿರುಗಿ, "ನೀನೂ ಒಂದೀಟು ನಿಗಾ ಇಡಬೇಕಿತ್ತು" ಎಂದೂ ಅಂದ.

ಐಶ್ವರ್ಯ ಅಳುತ್ತಲೇ ತಾಟು ಎತ್ತಿದಳು. ಶಿವಲೀಲಾ ನೀರಿನ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ಬಾಯಿ ತೆರೆದರೆ ತನ್ನ ಹೊಟ್ಟೆಕಿಚ್ಚು ಇಡೀ ಮನೆಯ ಮುಂದೆ ಬಯಲಾಗುತ್ತದೆ. ತೆರೆಯದಿದ್ದರೆ ಈ ಹುಡುಗಿ ತಾನು ಮಾಡದ ತಪ್ಪನ್ನು ಹೊತ್ತು ಈ ಮನೆಯಲ್ಲಿ ಬಾಳಬೇಕು. ಎರಡು ದಿನ ಅವಳು ತೆರೆಯಲಿಲ್ಲ.

ಮೂರನೇ ದಿನ ಐಶ್ವರ್ಯ, "ಅಕ್ಕಾ, ನದೀಮಣ್ಣಾರ ಕಡೆ ಒಯ್ದು ನೋಡೂಣ್ರಿ, ಅಳಿಸಿದ್ದು ಒಮ್ಮೊಮ್ಮೆ ಸಿಗ್ತೈತಿ" ಎಂದಳು. ಇಬ್ಬರೂ ಮತ್ತೆ ಸವಣೂರಿಗೆ ಹೋದರು.

ನದೀಮ ಹಾರ್ಡ್‌ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಜೋಡಿಸಿದ. "ನಿಮ್ಮ ನಸೀಬ ಚಲೋ ಐತಿ, ಇದು ಹಾರ್ಡ್‌ಡಿಸ್ಕ್. ಎಸ್‌ಎಸ್‌ಡಿಯಾಗ ಅಳಿಸಿದ್ರ ಅದು ತಾನ ಗುಡಿಸಿ ಒರಸಿ ಇಟ್ಟುಬಿಡ್ತೈತಿ, ಹುಡುಕಿದ್ರೂ ಸಿಗೂದಿಲ್ಲ. ಹಾರ್ಡ್‌ಡಿಸ್ಕ್ ಹೆಸರಷ್ಟ ತಗೀತೈತಿ, ಸಾಮಾನು ಅಲ್ಲೇ ಬಿದ್ದಿರ್ತೈತಿ, ಅದರ ಮ್ಯಾಲ ಹೊಸಾದು ತುಂಬೂತನಕ."

"ಮೂರು ಲಗ್ನ ತುಂಬೇವ್ರಿ" ಎಂದಳು ಐಶ್ವರ್ಯ.

ನದೀಮ ಕೆಲಸಕ್ಕೆ ತೊಡಗಿದ. ಒಂದು ತಾಸು ಹೋಯಿತು, ಎರಡು ಹೋಯಿತು. ಆಮೇಲೆ ಪರದೆ ನೋಡುತ್ತಲೇ ಅಂದ, "ಇದು ಡಿಸ್ಕ್ ಬದ್ಲಿ ಮಾಡೂವಾಗ ಹೋಗಿದ್ದಲ್ಲ. ಕೈಯಾರೆ ಅಳಿಸ್ಯಾರ. ಬುಟ್ಟಿನೂ ಖಾಲಿ ಮಾಡ್ಯಾರ."

ಐಶ್ವರ್ಯ ತಲೆಯೆತ್ತಿದಳು. ಶಿವಲೀಲಾ ತನ್ನ ಸೆರಗಿನ ಅಂಚು ನೋಡುತ್ತ, "ನಾನ ಅಳಿಸೇನಿ" ಎಂದಳು. "ಜಾಗಾಕ್ಕಂತ ಅಲ್ಲ. ನಿನ್ನ ಲಗ್ನ ನೋಡಿದ್ರ ನನಗ ಹೊಟ್ಟಿ ಉರೀತಿತ್ತು."

ನದೀಮ ಯಾವುದೋ ಸ್ಕ್ರೂ ಹುಡುಕುವವನಂತೆ ಎದ್ದು ಹೊರಗೆ ಹೋದ. ಐಶ್ವರ್ಯ ಪರದೆಯ ಕಡೆ ತಿರುಗಿ ಕೂತಳು. ಬೈದಿದ್ದರೆ ಚೆನ್ನಾಗಿತ್ತು.

ಐಶ್ವರ್ಯಳ ಲಗ್ನದ್ದು ಒಂದು ಕ್ಯಾಮೆರಾದ್ದು ಮಾತ್ರ ಅಷ್ಟಿಷ್ಟು ಮರಳಿ ಬಂತು. ಶಿವಲೀಲಾಳ ನಾಲ್ಕು ನಿಮಿಷದಲ್ಲಿ ಬಂದದ್ದು ಇಪ್ಪತ್ತು ಸೆಕೆಂಡು, ಅದೂ ಚಿತ್ರವೆಲ್ಲ ಹಸಿರು ಹಸಿರು ಚೌಕ. ಮುಖವಿಲ್ಲ, ಮೈಯಿಲ್ಲ. ಧ್ವನಿ ಮಾತ್ರ ಸ್ವಚ್ಛವಾಗಿತ್ತು. ಭಾಂಡೆಗಳ ಸದ್ದು, ಮಂದಿಯ ಗದ್ದಲ, ಅದರ ನಡುವೆ ಒಬ್ಬ ಗಂಡಸು ಹತ್ತಿರ ಬಂದು ಕೇಳಿದ, "ಶಿವ್ವಾ, ಉಂಡೀಯೇನವಾ?"

ಅಷ್ಟೇ. ಅಲ್ಲಿಗೆ ನಿಂತಿತು. ಅವಳನ್ನು ಶಿವ್ವಾ ಎಂದು ಕರೆಯುತ್ತಿದ್ದವನು ಲೋಕದಲ್ಲಿ ಒಬ್ಬನೇ. ಶಿವಲೀಲಾ ಅಂಗಡಿಯ ಸ್ಟೂಲಿನ ಮೇಲೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ಕೇಳಿದಳು, "ನೀ ಪೂರ್ತಿ ನೋಡೀಯಲ್ಲ. ಏನಿತ್ತು ಅದರಾಗ? ನಮ್ಮಪ್ಪ ಹೆಂಗ ಕಾಣ್ತಿದ್ದ?"

"ನಾಕೈದು ಸಲ ನೋಡೇನಿ" ಎಂದಳು ಐಶ್ವರ್ಯ, ಕಿಟಕಿಯ ಕಡೆ ಮುಖ ಮಾಡಿ. "ಈಗ ಹೇಳೂದಿಲ್ಲ. ಮೊದಲ ಮನ್ಯಾಗ ನೀವು ಹೇಳ್ರಿ. ಆಮ್ಯಾಲ ನಾ ಹೇಳ್ತೇನಿ."

ಸಂಜೆ ಎಲ್ಲರೂ ಉಣ್ಣಲು ಕೂತಾಗ ಶಿವಲೀಲಾ ಬಡಿಸುವ ಸೌಟು ಕೆಳಗಿಟ್ಟಳು. "ಆಕಿ ಕಳಕೊಂಡಿದ್ದಲ್ಲ. ನಾ ಅಳಿಸಿದ್ದು. ತೊಟ್ಟಿಲಾ ಆಗಿಲ್ಲ ಅಂತ ಗೊತ್ತಿದ್ದೂ ಅಳಿಸಿದ್ದು."

ಚನ್ನೇಶ ಊಟ ಬಿಟ್ಟು ಎದ್ದು ಹೋದ. ಅವನ ಲಗ್ನವೂ ಅದೇ ತಾನೆ. ಅನ್ನವ್ವ, "ನಿಮ್ಮ ಮಾವ ಇದ್ದಿದ್ರ ಏನಂತಿದ್ರು?" ಎಂದಷ್ಟೇ ಕೇಳಿದರು.

ರುದ್ರೇಶ ತಾಟನ್ನು ಪಕ್ಕಕ್ಕೆ ಸರಿಸಿದ. "ಮೊದಲ ಅಳಿಸಿದಾಂವ ನಾನು" ಎಂದ. "ನೀ ಅವತ್ತ ನಕ್ಕಿ. ಅಷ್ಟಕ್ಕ ಮುಗೀತಂತ ತಿಳಕೊಂಡೆ." ಆಮೇಲೆ ಐಶ್ವರ್ಯಳ ಕಡೆ ತಿರುಗಿ, "ತಪ್ಪಾತವಾ. ಸುಮ್ಮಸುಮ್ಮನ ನಿನಗ ಅಂದೆ" ಎಂದ.

ಮರುದಿನ ಬೆಳಿಗ್ಗೆ ಶಿವಲೀಲಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಚನ್ನೇಶ ಇನ್ನೂ ಮಾತಾಡಿರಲಿಲ್ಲ. ಚಹಾವನ್ನೂ ತಾನೇ ಸೋಸಿಕೊಂಡು ಹೋಗಿದ್ದ. ಐಶ್ವರ್ಯ ಬಂದು ಬೇಯಿಸಲು ಕೂತಳು. ಮೂರು ರೊಟ್ಟಿ ಬೇಯಿಸಿ ತೆಗೆದ ಮೇಲೆ ಅಂದಳು, "ನನ್ನ ಲಗ್ನದ್ದು ಮುಕ್ಕಾಲು ಹೋತು. ನೀವು ಇದ್ರಿ ಅಲ್ಲಿ. ಏನ್ ನೆನಪೈತಿ ಹೇಳ್ರಿ."

ಶಿವಲೀಲಾ ಹಿಟ್ಟಿನ ಕೈ ನಿಲ್ಲಿಸಲಿಲ್ಲ. "ಅರಿಷಿಣಕ್ಕ ಹಳದಿ ಸೀರಿ, ಅಂಚು ಕುಸುಬಿ ಹೂವಿನ ಬಣ್ಣದ್ದು. ಬಲಗೈಯಾಗ ಹನ್ನೆರಡು ಬಳಿ, ಎಡಗೈಯಾಗ ಹನ್ನೊಂದು. ಒಂದು ಬಸ್ಸಿಳಿಯೂವಾಗ ಒಡದಿತ್ತು. ಅಕ್ಕಿಕಾಳು ಹಾಕೂ ಹೊತ್ತಿನ್ಯಾಗ ನಿನ್ನ ತಲಿ ಮ್ಯಾಲಿನ ಹೂವಿನ ದಂಡಿ ಬಲಕ್ಕ ಜಾರ್‍ತು, ನಿಮ್ಮವ್ವ ಹಿಂದಿನಿಂದ ಬಂದು ಪಿನ್ ಚುಚ್ಚಿದ್ರು, ನಿನಗ ನೋವಾತು, ಆದ್ರೂ ನಕ್ಕಿ. ಚನ್ನೇಶ ತಾಳಿ ಕಟ್ಟೂವಾಗ ಎರಡನೇ ಗಂಟು ಬಿಚ್ಚಿತು. ಆಂವ ಗಾಬರಿ ಆದ. ನೀ ಮೆಲ್ಲಕ, ಲಗೂ ಬ್ಯಾಡ್ರಿ, ಅಂದಿ."

ಐಶ್ವರ್ಯಳ ಮುಂದಿನ ರೊಟ್ಟಿ ಹಂಚಿನ ಮೇಲೆ ಹೊತ್ತತೊಡಗಿತ್ತು. "ಅದು ಯಾ ಕ್ಯಾಮೆರಾದಾಗೂ ಬಂದಿರಲಿಲ್ಲ. ಅಷ್ಟೆಲ್ಲಾ ನೋಡೀರೇನಕ್ಕಾ?"

"ಹೊಟ್ಟಿಕಿಚ್ಚಿನ ಕಣ್ಣವಾ. ಒಂದೂ ಬಿಡಂಗಿಲ್ಲ."

ಐಶ್ವರ್ಯ ಸೀದ ರೊಟ್ಟಿಯನ್ನು ತೆಗೆದು ಬದಿಗಿಟ್ಟಳು. ಕೈ ಒರೆಸಿಕೊಂಡಳು.

"ಪಂಗ್ತಿ ಎದ್ದಿತ್ರಿ" ಎಂದು ಶುರು ಮಾಡಿದಳು. "ನೀವು ಕಂಬಕ್ಕ ಆತು ಕುಂತಿದ್ರಿ, ದಂಡಿ ತಗದು ತೊಡಿ ಮ್ಯಾಲ ಇಟಗೊಂಡು. ನಿಮ್ಮಪ್ಪಾರು ಹೆಗಲಿಗೆ ಟವೆಲ್ ಹಾಕ್ಕೊಂಡು ಒಂದು ಎಲಿ ಹಿಡಕೊಂಡು ಬಂದ್ರು. ಉಂಡೀಯೇನವಾ ಅಂದ್ರು. ನೀವು ಒಲ್ಲೆ ಅಂತ ತಲಿ ಅಲ್ಲಾಡ್ಸಿದ್ರಿ. ಅವರು ನೆಲಕ್ಕ ಕುಂತು ತುತ್ತು ಮಾಡಿ ಬಾಯಿಗೆ ಹಿಡದ್ರು."

"ಉಂಡ್ನೇನು?"

"ಉಂಡ್ರಿ. ಕಣ್ಣಾಗ ನೀರಿತ್ತು, ಆದ್ರೂ ಉಂಡ್ರಿ. ಇನ್ನೊಂದು ತುತ್ತಿಗೆ ನೀವ ಬಾಯಿ ತಗದ್ರಿ."

ಹೊರಗೆ ರುದ್ರೇಶ ಲ್ಯಾಪ್‌ಟಾಪಿನ ಗುಂಡಿ ಒತ್ತಿದ್ದ, ಅದು ಚಾಲೂ ಆಗಿ ಎಷ್ಟೋ ಹೊತ್ತಾಗಿತ್ತು. ಶಿವಲೀಲಾ ಹಿಟ್ಟಿನ ಕೈಯ ಹಿಂಬದಿಯಿಂದ ಮುಖ ಒರೆಸಿಕೊಂಡಳು.

"ಎಲಿ ಯಾವುದಿತ್ತು? ಬಾಳಿ ಎಲಿನೋ, ಮುತ್ತಲ ಎಲಿನೋ?"

"ಮುತ್ತಲ ಎಲಿರಿ" ಎಂದಳು ಐಶ್ವರ್ಯ. "ಒಂದು ಅಂಚು ಹರದಿತ್ತು. ಅದನ್ನ ಅವರು ತಮ್ಮ ಕಡೆ ಮಾಡಿ ಹಿಡದಿದ್ರು."